ಸತ್ತ ಚಕ್ರವರ್ತಿಯ ದಾನಪತ್ರ

ಖೊಟ್ಟಿ ಪತ್ರ ಸೃಷ್ಟಿಸುವವರು ಸಾಮಾನ್ಯವಾಗಿ ಒಂದೆರಡು ಎಕರೆಗೇ ತೃಪ್ತರಾಗಿಬಿಡುತ್ತಾರೆ. ಸಣ್ಣ ಬುದ್ಧಿ! ಎಂಟನೇ ಶತಮಾನದ ಸುಮಾರಿಗೆ ಯಾವನೋ ಅನಾಮಿಕ ಬರಹಗಾರ ಅರ್ಧ ಯುರೋಪನ್ನೇ ಬರೆದುಬಿಟ್ಟ. ಬರೆದುಕೊಟ್ಟವರು: ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್. ಬರೆಸಿಕೊಂಡವರು: ಒಂದನೇ ಸಿಲ್ವೆಸ್ಟರ್ ಪೋಪರು. ಆಸ್ತಿಯ ವಿವರ: ರೋಮ್ ನಗರ, ಇಟಲಿ ಮತ್ತು ಪಶ್ಚಿಮದ ಸಮಸ್ತ ಪ್ರಾಂತಗಳು. ಕಾರಣ: ದೀಕ್ಷಾಸ್ನಾನ ಮಾಡಿಸಿ ಕುಷ್ಠ ವಾಸಿಮಾಡಿದ ಋಣ. ಚಕ್ರವರ್ತಿಗೆ ನಿಜವಾಗಿ ದೀಕ್ಷಾಸ್ನಾನವಾದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಸಿಲ್ವೆಸ್ಟರರು ತೀರಿಕೊಂಡು ಆಗಲೇ ವರ್ಷದ ಮೇಲಾಗಿತ್ತು. ಪವಾಡವೆಂದರೆ ಇದು.

ಪತ್ರ ಹುಟ್ಟಿದ ಕಾಲವೂ ಅಂಥದೇ. 751ರಲ್ಲಿ ಫ್ರಾಂಕರ ಮಂತ್ರಿ ಪೆಪಿನ್ ತನ್ನ ದೊರೆಯ ರಾಜಲಾಂಛನವಾದ ನೀಳಕೂದಲು ಕತ್ತರಿಸಿ, ಅವನನ್ನು ಮಠಕ್ಕಟ್ಟಿ, ತಾನೇ ಪಟ್ಟವೇರಿದ. 754ರಲ್ಲಿ ಎರಡನೇ ಸ್ಟೀಫನ್ ಪೋಪರು ಇಟಲಿಯ ಲೊಂಬಾರ್ಡರ ಕಾಟ ತಾಳಲಾರದೆ ಆಲ್ಪ್ಸ್ ದಾಟಿ ಬಂದು ಅವನಿಗೆ ಅಭಿಷೇಕ ಮಾಡಿದರು. ಸಿಂಹಾಸನ ಕಸಿದವನಿಗೆ ದೇವರ ಮುದ್ರೆ ಬೇಕಿತ್ತು, ಮುದ್ರೆ ಇಟ್ಟುಕೊಂಡವರಿಗೆ ಜಮೀನು ಬೇಕಿತ್ತು. ಪೆಪಿನ್ ಲೊಂಬಾರ್ಡರಿಂದ ಗೆದ್ದ ನೆಲವನ್ನು ಪೋಪರಿಗೆ ಒಪ್ಪಿಸಿದ. ಹೀಗೆ ಸ್ವಾಧೀನವೇನೋ ಸಿಕ್ಕಿತು. ಮೂಲಪತ್ರ? ಅದೂ ಸಿಕ್ಕಿತು.

ಪತ್ರವನ್ನು ಸ್ವಲ್ಪ ಹತ್ತಿರ ಹಿಡಿದು ಓದಿ. ಒಂದು ಕಡೆ, ಕಾನ್‌ಸ್ಟಾಂಟಿನೋಪಲ್ ಸೇರಿದಂತೆ ನಾಲ್ಕು ಧರ್ಮಪೀಠಗಳೂ ರೋಮಿಗೆ ಅಧೀನ ಎಂದಿದೆ. ಇನ್ನೊಂದು ಕಡೆ, ಬೈಜಾಂಟಿಯಮ್ ಪ್ರಾಂತದಲ್ಲಿ ನನ್ನ ಹೆಸರಿನ ನಗರವೊಂದನ್ನು ಕಟ್ಟಬೇಕೆಂದಿದ್ದೇನೆ ಎನ್ನುತ್ತಾನೆ ಚಕ್ರವರ್ತಿ. ಪಾಯ ತೋಡುವ ಮೊದಲೇ ಊರು, ಊರಿಗೊಂದು ಪೀಠ! ರೋಮಿನ ಆಸ್ಥಾನದಲ್ಲಿ ಪರ್ಷಿಯಾದ ಕ್ಷತ್ರಪರೂ ಹಾಜರಿದ್ದಾರೆ. ಚಕ್ರವರ್ತಿಯಂತೂ ಪೋಪರ ಕುದುರೆಯ ಲಗಾಮು ಹಿಡಿದು ನಡೆದಿದ್ದಾನೆ.

ಇಷ್ಟಾದರೂ ಏಳು ಶತಮಾನ ಯಾರಿಗೂ ಕಾಣಲಿಲ್ಲವೇ? ಕಂಡಿತ್ತು. 1001ರಲ್ಲೇ ಮೂರನೇ ಆಟೊ ಚಕ್ರವರ್ತಿ ಇದು ಸುಳ್ಳು ಪತ್ರವೆಂದು ಬರೆಸಿದ್ದ. ಮರುವರ್ಷ ಅವನು ಸತ್ತ, ಪತ್ರ ಬದುಕಿತು. ಅದೇ ಶತಮಾನದಲ್ಲಿ ಒಂಬತ್ತನೇ ಲಿಯೊ ಪೋಪರು ಕಾನ್‌ಸ್ಟಾಂಟಿನೋಪಲ್‌ನವರ ಮುಂದೆ ಅದನ್ನೇ ಹಿಡಿದು ವಾದಿಸಿದರು. ಸುಳ್ಳಿಗೆ ಬೇಕಾದದ್ದು ಜಾಣ ಬರಹಗಾರನಲ್ಲ, ಗರಜಿರುವ ಓದುಗ.

ಕೊನೆಗೆ 1440ರಲ್ಲಿ ಲೊರೆಂಜೊ ವಲ್ಲಾ ಎಂಬ ಪಂಡಿತ ಆ ಲ್ಯಾಟಿನ್ನಿನ ಪದಪದವನ್ನೂ ಜಾಲಾಡಿ, ಇದು ಕಾನ್‌ಸ್ಟಂಟೈನನ ಕಾಲದ ಭಾಷೆಯೇ ಅಲ್ಲವೆಂದು ಸಾಬೀತುಪಡಿಸಿದ. ಸತ್ಯ ಗೆದ್ದಿತೆಂದು ಚಪ್ಪಾಳೆ ತಟ್ಟುವ ಮುನ್ನ ಒಂದು ಮಾತು. ಆಗ ವಲ್ಲಾ ಇದ್ದದ್ದು ಆರಗಾನಿನ ಅಲ್ಫಾನ್ಸೊ ದೊರೆಯ ಚಾಕರಿಯಲ್ಲಿ. ಆ ದೊರೆಗೂ ಪೋಪರಿಗೂ ನೇಪಲ್ಸ್ ವಿಷಯದಲ್ಲಿ ಜಟಾಪಟಿ ನಡೆದಿತ್ತು. ಸುಳ್ಳು ಹುಟ್ಟಿದ್ದೂ ಜಮೀನಿನ ಜಗಳದಲ್ಲಿ, ಬಯಲಾದದ್ದೂ ಜಮೀನಿನ ಜಗಳದಲ್ಲಿ.

ವಲ್ಲಾನಿಗೆ ಏನಾಯಿತು ಎಂದಿರಾ? 1448ರಲ್ಲಿ ಪೋಪರ ಕಚೇರಿಯಲ್ಲೇ ಬರಹಗಾರನ ನೌಕರಿ ಸಿಕ್ಕಿತು.