12 ಘನ ಅಡಿಯ ಸಾಹೇಬರು

ಮೈಸೂರಿನ ಯಾವ ಬಡಾವಣೆಗೆ ಹೋದರೂ ಇವರು ಸಿಗುತ್ತಾರೆ. ಕುವೆಂಪುನಗರದಲ್ಲಿ ಒಬ್ಬರು, ವಿಜಯನಗರದಲ್ಲಿ ಇನ್ನೊಬ್ಬರು. ಪಿಡಬ್ಲ್ಯೂಡಿಯಿಂದಲೋ ನೀರಾವರಿಯಿಂದಲೋ ರಿಟೈರ್ ಆದ ಎಂಜಿನಿಯರ್ ಸಾಹೇಬರು. 30-40 ಸೈಟಿನಲ್ಲಿ ಮನೆ ಎದ್ದಿದೆ. ಅಮೆರಿಕದ ಮಗ ಕಳಿಸಿದ ಫೋಟೊದಲ್ಲಿ ಮನೆ ಮುಂದೆ ಬಿಳಿ ಕಲ್ಲು ಹಾಸಿದ್ದಾರೆ. ಅಷ್ಟಾದರೆ ಮುಗಿಯಿತು, ಕಾಂಪೌಂಡಿನ ಪಕ್ಕ ಉಳಿದ 24 ಅಡಿ ಉದ್ದ, 3 ಅಡಿ ಅಗಲದ ಮಣ್ಣಿಗೆ ಅಣೆಕಟ್ಟೆಯ ಯೋಗ ಬಂತೆಂದೇ ಲೆಕ್ಕ.

ಮೇಸ್ತ್ರಿ ಗೇಟಿನಿಂದಲೇ ನೋಡಿ, ‘ಹದಿನೈದು ಚೀಲ ಬೇಕಾಗ್ತದೆ ಸಾರ್’ ಅಂದ.

‘ಕಣ್ಣಂದಾಜು ಎಸ್ಟಿಮೇಟ್ ಅಲ್ಲಪ್ಪಾ’ ಅಂದರು ಸಾಹೇಬರು.

ಕಲ್ಲಿನ ಅಂಗಡಿ ರಿಂಗ್ ರೋಡಿನಲ್ಲಿದೆ. ಸಾದರಹಳ್ಳಿಯ ಬೂದು ಕಲ್ಲು, ಚಾಮರಾಜನಗರದ ಕಪ್ಪು ಗ್ರಾನೈಟು, ಇಳಕಲ್ಲಿನ ಕೆಂಪು, ಶಹಾಬಾದಿನ ಹಾಸುಗಲ್ಲು ಎಲ್ಲದರ ಮುಂದೆಯೂ ನಿಂತು ಸಾಹೇಬರು ಊರು, ಗೋತ್ರ ಹೇಳಿದರು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಾಗಿದೆ ಎಂದೂ ತಿಳಿಸಿದರು.

‘ನಮ್ಮಲ್ಲಿ ಹಳೇ ಸ್ಟಾಕ್ ಇಲ್ಲ ಸಾರ್’ ಅಂದ ಅಂಗಡಿಯವನು.

ಬಿಳಿ ಉರುಟು ಕಲ್ಲುಗಳ ಚೀಲ ಬಿಚ್ಚಿದ. ಬೆಣಚುಕಲ್ಲು, ಗ್ಯಾರಂಟಿ ಅಂದ. ಸಾಹೇಬರು ಒಂದನ್ನೆತ್ತಿ, ಹೊಳಪು ಕಲ್ಲಿನದೋ ಎಣ್ಣೆಯದೋ ಎಂದು ಕರ್ಚೀಫಿನಲ್ಲಿ ತಿಕ್ಕಿದರು. ಸ್ಕೂಟರಿನ ಕೀಲಿಯಲ್ಲಿ ಗೀರಿದರು. ಆಮೇಲೆ ಶರ್ಟಿನ ಜೇಬಿನಿಂದ ಅರ್ಧ ಹೋಳು ನಿಂಬೆಹಣ್ಣು ತೆಗೆದರು. ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದ. ‘ಸಾರ್, ಇನ್ನೂ ಬೋಣಿ ಆಗಿಲ್ಲ. ಬೆಳಬೆಳಗ್ಗೆ ಇದೆಲ್ಲ ಬೇಡ, ಏನಿದ್ರೂ ಮಾತಾಡಿಕೊಳ್ಳೋಣ!’ ಸಾಹೇಬರ ಲಕ್ಷ್ಯ ಕಲ್ಲಿನ ಮೇಲಿತ್ತು. ಗೀರಿದ ಜಾಗಕ್ಕೆ ಎರಡು ಹನಿ ಹಿಂಡಿದರು. ಸಣ್ಣಗೆ ನೊರೆ ಎದ್ದಿತು. ‘ನೋಡಯ್ಯಾ, ಇದು ಅಮೃತಶಿಲೆ. ಬೆಣಚಾದರೆ ಕೀಲಿಗೂ ಬಗ್ಗಲ್ಲ, ಹುಳಿಗೂ ಬಗ್ಗಲ್ಲ.’ ಕೊನೆಗೆ ಕೊಂಡದ್ದು ಆ ಅಮೃತಶಿಲೆಯನ್ನೇ. ಜೊತೆಗೆ ಬಂದಿದ್ದ ಮನೆಯವರಿಗೆ ಅದರ ಬಿಳುಪು ಹಿಡಿಸಿತ್ತು.

ಇನ್ನು ಎಷ್ಟು ಅನ್ನುವ ಪ್ರಶ್ನೆ. 20 ಎಂ.ಎಂ. ಕಲ್ಲಿಗೆ 2 ಇಂಚು ದಪ್ಪ ಬೇಕು, ಇಲ್ಲವಾದರೆ ಮಣ್ಣಿನ ಮೇಲೆ ಹಾಸುವ ಶೀಟು ಇಣುಕುತ್ತದೆ. 24ನ್ನು 3ರಿಂದ ಗುಣಿಸಿದರೆ 72 ಚದರಡಿ, ಅದರ ಆರನೇ ಒಂದು ಭಾಗ ಅಂದರೆ 12 ಘನ ಅಡಿ. ತೂಕಕ್ಕಾಗಿ 20 ಲೀಟರಿನ ಬಕೆಟ್ಟಿಗೆ ಸ್ಯಾಂಪಲ್ ಕಲ್ಲು ತುಂಬಿ, ಮನೆಯವರು ಡಯಟ್ಟಿಗೆಂದು ತರಿಸಿದ್ದ ತಕ್ಕಡಿಯ ಮೇಲಿಟ್ಟರು. 32 ಕೆಜಿ ಬಂತು. ಅಲ್ಲಿಗೆ ಘನ ಅಡಿಗೆ ಸುಮಾರು 45, ಒಟ್ಟು 540. ವೇಸ್ಟೇಜು ಶೇಕಡಾ 10 ಸೇರಿಸಿ 594. ಚೀಲಕ್ಕೆ 40 ಕೆಜಿಯಂತೆ 15 ಚೀಲ.

‘ಹದಿನೈದೇ ಅಲ್ವಾ ಸಾರ್?’ ಅಂದ ಮೇಸ್ತ್ರಿ.

‘ಕಾಕತಾಳೀಯ’ ಅಂದರು ಸಾಹೇಬರು. ಹೆಚ್ಚಿಗೆ ಬಂದ 6 ಕೆಜಿಯನ್ನು ರಿಜಿಸ್ಟರಿನಲ್ಲಿ ಬೇರೆಯಾಗಿ ಬರೆದುಕೊಂಡರು.

ನಗುವುದು ಸುಲಭ. ಆದರೆ ಇಂಥವರಿಲ್ಲದ ಮನೆಯವರು ಡೀಲರ್ ಮಾತು ಕೇಳಿ ಟಿಪ್ಪರ್ ಲೋಡು ಹೊಡೆಸಿಕೊಳ್ಳುತ್ತಾರೆ. ಮಿಕ್ಕಿದ ಕಲ್ಲು ರಸ್ತೆ ಬದಿಯಲ್ಲಿ ಬೀದಿನಾಯಿಗಳ ಸಿಂಹಾಸನವಾಗಿ ವರ್ಷಗಟ್ಟಲೆ ಬಿದ್ದಿರುತ್ತದೆ. ಸಾಹೇಬರ ಲೆಕ್ಕದಲ್ಲಿ ಒಂದು ಬೊಗಸೆಯೂ ಆಚೀಚೆ ಆಗಲಿಲ್ಲ. ಲೆಕ್ಕಕ್ಕೆ ಬಾರದ್ದು ಪಕ್ಕದ ಮನೆಯ ಸಂಪಿಗೆ ಮರ. ಕಲ್ಲಿನ ಸಂದಿಗೆ ಬಿದ್ದ ಎಲೆ ಕಡ್ಡಿಪೊರಕೆಗೆ ಬರುವುದಿಲ್ಲ, ಬಂದರೆ ಕಲ್ಲನ್ನೂ ಕರೆದುಕೊಂಡು ಬರುತ್ತದೆ. ಕೆಲಸದಾಕೆ ಮೊದಲ ದಿನವೇ ‘ಅದು ನನ್ ಕೈಲಾಗಲ್ಲ ಸಾರ್’ ಅಂದುಬಿಟ್ಟಳು. ಈಗ ಸಾಹೇಬರೇ ಮಣೆಯ ಮೇಲೆ ಕೂತು ಒಂದೊಂದೇ ಎಲೆ ಹೆಕ್ಕುತ್ತಾರೆ. ಜುಲೈಗೆ ಪಾಚಿ ಹತ್ತಿತು, ಅದನ್ನೂ ಅವರೇ ಬ್ರಷ್ಷಿನಲ್ಲಿ ಉಜ್ಜಿದರು.

ಈ ಬೇಸಿಗೆಯಲ್ಲಿ ಮನೆಯವರು ಮಾವಿನಮಿಡಿ ಉಪ್ಪಿಗೆ ಹಾಕಿದರು. ಭರಣಿಯಲ್ಲಿ ಮಿಡಿ ಮುಳುಗಿರಲೆಂದು ಹೇರಲು ಅಂಗಳದಿಂದ ನಾಲ್ಕು ಬಿಳಿ ಕಲ್ಲು ತೊಳೆದು ತಂದರು. ಸಾಹೇಬರು ಪೇಪರ್ ಬಿಸಾಕಿ ಓಡಿಬಂದರು. ‘ಏಯ್, ಅದು ಅಮೃತಶಿಲೆ ಕಣೇ, ಹುಳಿಗೆ ಕರಗತ್ತೆ!’

‘ಹಾಗಾದ್ರೆ ಒಂದು ಬೆಣಚುಕಲ್ಲು ತನ್ನಿ. ಒಂದೇ ಸಾಕು ರೀ, ಎಸ್ಟಿಮೇಟು ಬೇಡ.’

‘ಆಯ್ತು, ತರ್ತೀನಿ’ ಅಂದರು ಸಾಹೇಬರು ಚಪ್ಪಲಿ ಮೆಟ್ಟುತ್ತ. ‘ಭರಣಿಯ ಒಳವ್ಯಾಸ ಎಷ್ಟು?’