ಅಂತಃಶೀತಕದ ಸಂಧಿಪ್ರಕರಣ

ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ವನ್ನು ಸಂಧಿಪ್ರಕರಣದಿಂದಲೇ ಆರಂಭಿಸಿದ. ಹದಿಮೂರನೆಯ ಶತಮಾನದ ಆ ವೈಯಾಕರಣನಿಗೆ ಟರ್ಬೊ ಗೊತ್ತಿತ್ತೆಂದು ಸಾಧಿಸುವ ಉದ್ದೇಶ ಈ ಲೇಖಕನಿಗಿಲ್ಲ. ಅಂಥದನ್ನು ಸಾಧಿಸುವವರು ಬೇರೆ ಇದ್ದಾರೆ, ಅವರಿಗೆ ಶಾಲು-ಹಾರವೂ ಸಿಗುತ್ತದೆ. ನನ್ನ ವಾದ ಇಷ್ಟೇ: 2005ರ ಮಾದರಿಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿಗೆ ಹೊಸ ಇಂಟರ್‌ಕೂಲರ್ ಕೂರಿಸುವ ಕೆಲಸ ಯಂತ್ರಶಾಸ್ತ್ರಕ್ಕೆ ಸೇರಿದ್ದಲ್ಲ, ವ್ಯಾಕರಣಕ್ಕೆ ಸೇರಿದ್ದು. ಆಕರ: ನನ್ನ ಭಾವನವರ ಕಾರು. ಕ್ಷೇತ್ರಕಾರ್ಯ: ಬೆಂಗಳೂರಿನ ಜೆ.ಸಿ. ರಸ್ತೆಯ ಪಕ್ಕದ ಒಂದು ಗಲ್ಲಿಯಲ್ಲಿ ಹನ್ನೊಂದು ಶನಿವಾರ. ಅನುದಾನ: ಭಾವನವರ ಪಿ.ಎಫ್.

ಮೊದಲು ತಾಪದ ವಿಚಾರ. ಗಾಳಿಯನ್ನು ಅದುಮಿದರೆ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿ ಬೆರಳು ಎಳೆದುಕೊಂಡ ಹುಡುಗರಿಗೆಲ್ಲ ಇದು ಗೊತ್ತು. ಎಂಜಿನ್ನು ಉಗುಳಿದ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಎಂಜಿನ್ನಿಗೆ ತುರುಕುವ ‘ಟರ್ಬೊ’ ವಿದ್ಯೆಗೆ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ. ತೇಗಿದ ಬಲದಿಂದಲೇ ಮತ್ತೆರಡು ಹೋಳಿಗೆ ಇಳಿಸುವ ನಮ್ಮ ಮದುವೆಯೂಟದ ಪರಿಣತರು ಈ ತತ್ವವನ್ನು ಪೇಟೆಂಟಿಲ್ಲದೆಯೇ ಪಾಲಿಸಿಕೊಂಡು ಬಂದಿದ್ದಾರೆ. ಲೆಕ್ಕ ಹೀಗೆ: 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಅದುಮಿದರೆ, ಅದುಮುವ ಚಕ್ರ, ಅಂದರೆ ಕಂಪ್ರೆಸರ್, ನೂರಕ್ಕೆ 70ರಷ್ಟು ದಕ್ಷವಾಗಿದ್ದರೂ, ಹೊರಬರುವ ಗಾಳಿ 120 ಡಿಗ್ರಿ ದಾಟಿರುತ್ತದೆ. ಬಿಸಿ ಗಾಳಿ ಹಿಗ್ಗಿರುವುದರಿಂದ ಅದರಲ್ಲಿ ಹುರುಳು ಕಡಿಮೆ. ಮೇಲಾಗಿ ಪೆಟ್ರೋಲು ತನ್ನಷ್ಟಕ್ಕೆ ತಾನೇ ಹೊತ್ತಿಕೊಂಡು ಎಂಜಿನ್ನು ‘ನಾಕಿಂಗ್’ ಹೊಡೆಯತೊಡಗುತ್ತದೆ. ಆ ಗಾಳಿಯನ್ನು ಒತ್ತಡ ಕೆಡದಂತೆ 60ಕ್ಕೆ ಇಳಿಸಿದರೆ, ಅಷ್ಟೇ ಜಾಗದಲ್ಲಿ ಸುಮಾರು ಐದನೇ ಒಂದು ಪಾಲು ಹೆಚ್ಚು ಗಾಳಿ ಹಿಡಿಯುತ್ತದೆ. ಟರ್ಬೊಗೂ ಎಂಜಿನ್ನಿಗೂ ನಡುವೆ ನಿಂತು ಈ ಉಪಕಾರ ಮಾಡುವುದೇ ಇಂಟರ್‌ಕೂಲರ್, ಅರ್ಥಾತ್ ಅಂತಃಶೀತಕ. ಎರಡು ಲೋಟಗಳ ನಡುವೆ ಮೊಳದೆತ್ತರದಿಂದ ಕಾಫಿ ಎತ್ತಿ ಹೊಯ್ದು ಆರಿಸುವ ನಮ್ಮ ತಾಯಂದಿರನ್ನು ಈ ದರ್ಶನದ ಮೂಲ ಆಚಾರ್ಯರೆನ್ನಬಹುದು.

ಕಾರ್ಖಾನೆಯಿಂದ ಬಂದ ಇಂಟರ್‌ಕೂಲರ್ ಮುಂಚಕ್ರದ ಮುಂದಿನ ಮೂಲೆಯಲ್ಲಿ, ತುಂಬಿದ ಬಸ್ಸಿನಲ್ಲಿ ಕಿಟಕಿ ಸಿಗದವನ ಹಾಗೆ ಕೂತಿತ್ತು. 150 ಅಶ್ವಶಕ್ತಿಗೆ ಅದು ಸಾಕು. ಭಾವನವರಿಗೆ 150 ಸಾಲದು. ಬಂಪರಿನ ಹಿಂದೆ, ಎದುರುಗಾಳಿಗೆ ನೇರ ಎದೆಯೊಡ್ಡುವಂಥ ಅಗಲವಾದ ಇಂಟರ್‌ಕೂಲರ್ ಬೇಕೆಂಬುದು ಅವರ ಸಿದ್ಧಾಂತ. ಇದಕ್ಕೆ ಪೂರ್ವಾಚಾರ್ಯರ ಸಮ್ಮತಿಯೂ ಇದೆ. ಎರಡನೇ ಮಹಾಯುದ್ಧದ ಲಾಕ್‌ಹೀಡ್ ಪಿ-38 ವಿಮಾನಕ್ಕೆ ಮೊದಲು ಇಂಟರ್‌ಕೂಲರ್ ಇದ್ದದ್ದು ರೆಕ್ಕೆಯ ಮುಂದಿನ ಅಂಚಿನೊಳಗೆ. ಎಂಜಿನ್ನಿನ ಬಲ ಏರಿದಂತೆ ಅದು ಸಾಲದಾಗಿ, ‘ಜೆ’ ಮಾದರಿಯಲ್ಲಿ ಎಂಜಿನ್ನಿನ ಗದ್ದದ ಕೆಳಗೆ, ಗಾಳಿಗೆದುರಾಗಿ ತಂದು ಕೂರಿಸಿದರು. ಯುರೋಪಿನ ಎತ್ತರದ ಚಳಿಯಲ್ಲಿ ಗಾಳಿ ವಿಪರೀತ ತಣ್ಣಗಾಗಿ ಬೇರೆಯೇ ಕಾಟ ಶುರುವಾಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆ ಭಯವಿಲ್ಲ ಎಂದು ಭಾವನವರು ಅಡಿಟಿಪ್ಪಣಿ ಹಾಕಿದರು.

ಪೂರ್ವಪಕ್ಷವನ್ನು ಮಂಡಿಸಿದವಳು ಅಕ್ಕ: “ಇದ್ದ ಕಾರು ಚೆನ್ನಾಗೇ ಓಡ್ತಿತ್ತಲ್ರೀ?” ಈ ಪೂರ್ವಪಕ್ಷಕ್ಕೆ ಇಂದಿನವರೆಗೂ ಖಂಡನೆ ಬಂದಿಲ್ಲ.

ಇನ್ನು ಸಂಧಿ. ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಹಳೆಯ ಇಂಟರ್‌ಕೂಲರ್ ಇದ್ದಲ್ಲಿಂದ ಕಿತ್ತು, ಅದರ ಕೆಲಸಕ್ಕೆ 550 ಮಿಲಿಮೀಟರ್ ಅಗಲ, 230 ಎತ್ತರ, 65 ದಪ್ಪದ ಹೆಸರಿಲ್ಲದ ಅಲ್ಯೂಮಿನಿಯಂ ಕೋರನ್ನು ತಂದದ್ದು ಆದೇಶ. ಆರ್ಗಾನ್ ವೆಲ್ಡಿಂಗ್ ಮಾಡಿಸಿದ ಎರಡೂವರೆ ಇಂಚಿನ ಪೈಪುಗಳು ಎಲ್ಲಿಂದಲೋ ನಡುವೆ ಬಂದು ಸೇರಿದ್ದು ಆಗಮ. ಲೋಪ ಆದದ್ದು ಬಂಪರಿಗೆ. ಎರಡು ಪೈಪುಗಳು ಮುಖಾಮುಖಿ ಬಂದೂ ಅರ್ಧ ಇಂಚಿನಿಂದ ಕೂಡದೆ ನಿಂತ ಸಂದರ್ಭವೂ ಉಂಟು, ಅದು ಪ್ರಕೃತಿಭಾವ.

ಲೋಪಸಂಧಿಯ ಸಂದರ್ಭದಲ್ಲೇ ಭಾಷಾಶಾಸ್ತ್ರದ ಮಹತ್ವದ ಶೋಧವೊಂದು ನಡೆಯಿತು. ಮೆಕ್ಯಾನಿಕ್ ಹೇಳಿದ್ದು: “ಬಂಪರ್ ಒಂಚೂರು ತಾಗ್ತೈತೆ ಸಾರ್. ಒಂಚೂರು ಉಜ್ಜಿದ್ರೆ ಕುಂತ್ಕೊಳ್ಳುತ್ತೆ.” ಖಂಡುಗ, ಕೊಳಗ, ಬಳ್ಳ, ಸೊಲ್ಲಗೆಗಳನ್ನೆಲ್ಲ ದಾಖಲಿಸಿದ ನಮ್ಮ ವಿದ್ವಾಂಸರು ‘ಒಂಚೂರು’ ಎಂಬ ಮಾನವನ್ನು ಹೇಗೆ ಬಿಟ್ಟರೋ ತಿಳಿಯದು. ಗ್ರೈಂಡರ್ ಆರಿದ ಮೇಲೆ ಟೇಪು ಹಿಡಿದು ನೋಡಿದೆ: ಒಂಚೂರು ಎಂದರೆ ನಾಲ್ಕು ಬೆರಳು. ಅದೇ ಮಾನ ಹಣಕ್ಕೆ ಅನ್ವಯಿಸಿದಾಗ ಆರು ಸಾವಿರ, ಕಾಲಕ್ಕೆ ಅನ್ವಯಿಸಿದಾಗ ಮುಂದಿನ ಶನಿವಾರ. ಬಂಪರಿನೊಳಗಿನ ಉಕ್ಕಿನ ಅಡ್ಡಪಟ್ಟಿಯನ್ನೂ ‘ಒಂಚೂರು’ ತೆಗೆಯಲು ಹೊರಟಾಗ ಭಾವನವರು ಅಡ್ಡ ನಿಂತರು. ಡಿಕ್ಕಿಯಾದರೆ ಪೆಟ್ಟು ತಿನ್ನುವುದು ಆ ಪಟ್ಟಿಯೇ. ಹನ್ನೊಂದು ಶನಿವಾರಗಳಲ್ಲಿ ಅವರು ಆಡಿದ ಬುದ್ಧಿವಂತಿಕೆಯ ಮಾತು ಇದೊಂದೇ.

ಒಟ್ಟು ಎಂಟು ಸಂಧಿ, ಸಂಧಿಗೆ ಎರಡರಂತೆ ಹದಿನಾರು ಕ್ಲ್ಯಾಂಪು. ಎರಡೂವರೆ ಇಂಚಿನ ಪೈಪಿನ ಬಾಯಿಯ ವಿಸ್ತೀರ್ಣ ಸುಮಾರು 32 ಚದರ ಸೆಂಟಿಮೀಟರ್. ಒಳಗೆ ಒಂದು ಬಾರ್ ಒತ್ತಡ ಏರಿದಾಗ ಪ್ರತಿ ತಿರುವಿನಲ್ಲೂ 32 ಕೆ.ಜಿ.ಯಷ್ಟು ಬಲ ಪೈಪನ್ನು ಸಿಲಿಕಾನ್ ಹೋಸಿನಿಂದ ಹೊರಕ್ಕೆ ನೂಕುತ್ತಿರುತ್ತದೆ. ಒಂದು ಸಣ್ಣ ಮೂಟೆ ಅಕ್ಕಿಯ ಭಾರ. ಅದಕ್ಕಾಗಿಯೇ ಪೈಪಿನ ತುದಿಯಲ್ಲಿ ಉಂಗುರದ ಹಾಗೆ ಒಂದು ಉಬ್ಬು ಎಬ್ಬಿಸಿರಬೇಕು, ಹೋಸು ಅದನ್ನು ದಾಟಿ ಜಾರದಂತೆ. ಏಳು ಕಡೆ ಉಬ್ಬಿತ್ತು. ಎಂಟನೆಯದಕ್ಕೆ, “ಕ್ಲ್ಯಾಂಪ್ ಒಂಚೂರು ಟೈಟ್ ಮಾಡಿದೀನಿ ಸಾರ್.”

ಶಾಲೆಯಲ್ಲಿ ‘ಸಂಧಿ ಬಿಡಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಎರಡು ಅಂಕ. ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಮೇಲೆ, ಮೂರನೇ ಗೇರಿನಲ್ಲಿ ಕಾರು ತಾನಾಗಿಯೇ ಸಂಧಿ ಬಿಡಿಸಿ ತೋರಿಸಿತು. ‘ಧಡ್’ ಎಂಬ ಅನುಕರಣಾವ್ಯಯ, ಹಿಂದೆಯೇ ಕಪ್ಪು ಹೊಗೆ. ಹೊಗೆಯ ಕಾರಣ ಸರಳ: ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಟರ್ಬೊಗೂ ಮೊದಲೇ ಇದೆ. ಅಲ್ಲಿ ಎಣಿಕೆಯಾದ ಗಾಳಿಗೆಲ್ಲ ಎಂಜಿನ್ನಿನ ಗಣಕ ಪೆಟ್ರೋಲು ಬಡಿಸುತ್ತದೆ. ಗಾಳಿ ನಡುದಾರಿಯಲ್ಲಿ ಪರಾರಿಯಾದರೆ ಎಲೆ ಹಾಕಿ ಬಡಿಸಿದ್ದೆಲ್ಲ ಮಿಕ್ಕಿ ಹೊಗೆಯಾಗುತ್ತದೆ. ಮರಳಿ ಬಂದು ಸಂಧಿಗಳಿಗೆಲ್ಲ ಸೋಪಿನ ನೀರು ಹಚ್ಚಿ, ಪೈಪಿಗೆ ಗಾಳಿ ಬಿಟ್ಟು ನೋಡಿದೆವು. ಇನ್ನೆರಡು ಕಡೆ ಗುಳ್ಳೆ ಎದ್ದಿತು.

ಸಮಾಸದ ವಿಚಾರ ಚುಟುಕಾಗಿ. ಸಂಸ್ಕೃತ ಪದಕ್ಕೆ ಕನ್ನಡ ಪದ ಗಂಟುಹಾಕಿದರೆ ಅರಿಸಮಾಸ ಎಂದು ಪಂಡಿತರು ಹುಬ್ಬು ಗಂಟಿಕ್ಕುತ್ತಾರೆ. ಚೆಕ್ ಮೂಲದ ದೇಹ, ಜರ್ಮನ್ ಎಂಜಿನ್ನು, ಊರು-ಹೆಸರಿಲ್ಲದ ಕೋರು, ಜೆ.ಸಿ. ರಸ್ತೆಯ ಪೈಪು ಕೂಡಿದರೆ ಏನೆನ್ನಬೇಕು? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಈ ವಿಷಯದಲ್ಲಿ ಕೇಶಿರಾಜನಿಗಿಂತ ಕಟ್ಟುನಿಟ್ಟು: ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಈ ಉಲ್ಲೇಖ ಭಾವನವರ ಕಣ್ಣಿಗೆ ಬಿದ್ದದ್ದು ಒಂಬತ್ತನೇ ಶನಿವಾರ.

ಫಲಶ್ರುತಿ? ಮುಂಜಾನೆ ಐದೂವರೆಗೆ ಖಾಲಿ ರಸ್ತೆಯಲ್ಲಿ ಕಾರು ನಿಜಕ್ಕೂ ಎಗರುತ್ತದೆ. ಅದನ್ನು ಅಲ್ಲಗಳೆಯಲಾರೆ, ಬೆನ್ನು ಸೀಟಿಗೆ ಅಂಟಿತ್ತು. ಆದರೆ ಇಂಟರ್‌ಕೂಲರಿಗೆ ತಣ್ಣಗಾಗಲು ಓಟದ ಗಾಳಿ ಬೇಕು. ಏಳೂವರೆಗೆ ಬೊಮ್ಮನಹಳ್ಳಿ ಹತ್ತಿರ ಎಲ್ಲರೂ ನಿಂತರು. ನಿಂತ ಕಾರಿನಲ್ಲಿ ಅಂತಃಶೀತಕ ತಾನೇ ಕಾದು, ಬರುವ ಗಾಳಿಗೂ ಬಿಸಿ ಹಂಚತೊಡಗಿತು. ಅಲ್ಲದೆ ಅಷ್ಟಗಲದ ವಿಗ್ರಹ ರೇಡಿಯೇಟರಿಗೆ ಅಡ್ಡ ನಿಂತದ್ದರಿಂದ ಎಂಜಿನ್ನಿನ ಮುಳ್ಳೂ ಮೇಲೇರಿತು. ಎಂಜಿನ್ನಿನ ಬಿಸಿ ಇಳಿಸಲು ಬಲ್ಲವರು ಮಾಡುವುದನ್ನೇ ಭಾವನವರು ಮಾಡಿದರು: ಎ.ಸಿ. ಆರಿಸಿ, ಕಾರಿನೊಳಗಿನ ಹೀಟರನ್ನು ಪೂರ್ತಿ ತಿರುಗಿಸಿದರು. ಮೇ ತಿಂಗಳು. ಹಿಂದಿನ ಸೀಟಿನಲ್ಲಿ ಅಕ್ಕ. ಆಗ ಕಾರಿನೊಳಗಿದ್ದ ತಾಪವನ್ನು ಅಳೆಯುವ ಸೆನ್ಸರ್ ಇನ್ನೂ ಬಂದಿಲ್ಲ.

ಕಿತ್ತ ಹಳೆಯ ಇಂಟರ್‌ಕೂಲರನ್ನು ಅಕ್ಕ ಕಾಂಪೌಂಡಿಗೆ ಒರಗಿಸಿ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದಾಳೆ, ಚೆನ್ನಾಗಿ ಹಬ್ಬಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು. ಆ ಗಡುವು ಬಂತು. ಭಾವನವರು ಬಳ್ಳಿಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ, ಗ್ಯಾರೇಜಿಗೆ ಫೋನು ಹಚ್ಚಿದರು.

“ಹಳೇದನ್ನ ವಾಪಸ್ ಕೂರಿಸ್ಬೇಕಪ್ಪ. ಎಷ್ಟು ಕೆಲಸ ಆಗುತ್ತೆ?”

“ಏನಿಲ್ಲ ಸಾರ್, ಒಂಚೂರು.”