ಸೈಲೆನ್ಸರ್ ಬದಲಾದ ಮೇಲೆ

ಯಮಹಾ ಆರ್‌ಎಕ್ಸ್ 100ಕ್ಕೆ ಹೊಸ ಸೈಲೆನ್ಸರ್ ಕೂರಿಸಿ, ಏರ್ ಫಿಲ್ಟರ್ ಡಬ್ಬಿ ಕಿತ್ತೆಸೆದ ಸುದ್ದಿ ಇಡೀ ಬೀದಿಗೆ ತಲುಪುತ್ತದೆ. ಕಾರ್ಬ್ಯುರೇಟರಿಗೆ ಮಾತ್ರ ತಲುಪುವುದಿಲ್ಲ. ಗಾಳಿ ಹೆಚ್ಚಿದರೂ ಅದು ಪೆಟ್ರೋಲನ್ನು ಹಳೇ ಲೆಕ್ಕದಲ್ಲೇ ಅಳೆಯುತ್ತದೆ. ಬೈಕು ಮುಗ್ಗರಿಸುತ್ತದೆ, ಎಂಜಿನ್ ವಿಪರೀತ ಕಾಯುತ್ತದೆ. ಹಠ ಹಿಡಿದು ಓಡಿಸಿದರೆ ಪಿಸ್ಟನ್ ಸೀಜ್.

ಸಾಕ್ಷಿ ಹೇಳುವುದು ಸ್ಪಾರ್ಕ್ ಪ್ಲಗ್. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಮ್ಮಿ, ಮಸಿ ಮೆತ್ತಿದ್ದರೆ ಜಾಸ್ತಿ, ಕಾಫಿಪುಡಿ ಬಣ್ಣವಿದ್ದರೆ ಸರಿ. ಅಳತೆ ತಿದ್ದಲು ಮೊದಲು ಮುಟ್ಟುವುದು ಕಾರ್ಬ್ಯುರೇಟರಿನ ಮೇನ್ ಜೆಟ್. ಅದರ ದರ್ಬಾರು ಮುಕ್ಕಾಲು ಥ್ರಾಟಲ್‌ನಿಂದ ಮೇಲೆ. ನಡುವಿನ ಓಟ ಸೂಜಿಯದು: ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ. ಐಡ್ಲಿಂಗ್‌ಗೆ ಪೈಲಟ್ ಜೆಟ್, ಏರ್ ಸ್ಕ್ರೂ. ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕೆಂಬುದು ನಿಯಮ. ಸುತ್ತ ನಿಂತ ಗೆಳೆಯರೆಲ್ಲರ ಕೈಯಲ್ಲೂ ಸ್ಕ್ರೂಡ್ರೈವರ್ ಇರುವುದರಿಂದ ಅದು ಹೆಚ್ಚು ಹೊತ್ತು ಬಾಳುವುದಿಲ್ಲ.